ಉಳ್ಳಾಗಡ್ಡಿ ರಫ್ತು ಬಂದ್ ಮಾಡೋರು ಯಾರು? ವಿದೇಶ ವ್ಯಾಪಾರ ನೀತಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ವಿಜಯಪುರ ಜಿಲ್ಲೆ, ಕೊಲ್ಹಾರದ ಹತ್ತಿರ ಒಂದು ಹಳ್ಳಿ. ಮನೆಯಲ್ಲಿ ಉಳ್ಳಾಗಡ್ಡಿ, ತೊಗರಿ ಬೆಳೆಯುತ್ತೇವೆ. ನಾನು ಒಂದು ರೈತ ಉತ್ಪಾದಕ ಕಂಪನಿಯ ಕಾಗದಪತ್ರ ನೋಡಿಕೊಳ್ಳುತ್ತೇನೆ.

2023ರ ಡಿಸೆಂಬರ್ 8, ಶುಕ್ರವಾರ. ಹಿಂದಿನ ರಾತ್ರಿಯೇ ನಮ್ಮ ಗಾಡಿ ಪೇಟೆ ಮುಟ್ಟಿತ್ತು. ಬೆಳಿಗ್ಗೆ ಚೀಲ ಇಳಿಸಿ, ಗಡ್ಡಿ ಕಾಣುವ ಹಾಗೆ ಮುಂದಿನ ಚೀಲಗಳ ಬಾಯಿ ಬಿಚ್ಚಿ ಸಾಲಾಗಿ ನಿಲ್ಲಿಸಿದ್ದೆವು. ಲಿಲಾವು ಕೂಗುವವರು ಬಂದರು, ಒಂದು ಗಡ್ಡಿ ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡಿದರು, ಹಿಂದಿನ ವಾರಕ್ಕಿಂತ ಕ್ವಿಂಟಾಲಿಗೆ ಸಾವಿರ ರೂಪಾಯಿ ಕಡಿಮೆಯಿಂದ ಕೂಗು ಶುರು ಮಾಡಿದರು. ಮಾಲು ಅದೇ, ಗಾತ್ರ ಅದೇ. ಬದಲಾಗಿದ್ದು ದಿಲ್ಲಿಯಿಂದ ಹೊರಟ ಒಂದು ಕಾಗದ ಮಾತ್ರ. ಪಕ್ಕದಲ್ಲಿದ್ದ ನಮ್ಮ ಕಾಕಾ ಕೇಳಿದರು: "ತಮ್ಮಾ, ಇದನ್ನ ಬಂದ್ ಮಾಡೋರು ಯಾರ? ಯಾರ ಮುಂದ ಹೋಗಿ ನಿಂದರಬೇಕ ನಾವು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದುತ್ತಾ, ಕೇಳುತ್ತಾ ತಿಳಿದುಕೊಂಡೆ. ಕಂಪನಿಯ ಸದಸ್ಯರು ಈಗಲೂ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ರಫ್ತು ನಿಷೇಧದ ಕಾಗದಕ್ಕೆ ಸಹಿ ಹಾಕುವವರು ಯಾರು?

ವಿದೇಶ ವ್ಯಾಪಾರ ಮಹಾನಿರ್ದೇಶಕರು. ಅವರ ಕಚೇರಿಯನ್ನು ಎಲ್ಲರೂ ಡಿಜಿಎಫ್‌ಟಿ ಅಂತಾರೆ. ಕೇಂದ್ರ ವಾಣಿಜ್ಯ ಸಚಿವಾಲಯದ ಕೆಳಗೆ ಬರುವ ಕಚೇರಿ ಇದು. 1992ರ ವಿದೇಶ ವ್ಯಾಪಾರ ಕಾಯ್ದೆ ಕೇಂದ್ರ ಸರ್ಕಾರಕ್ಕೆ ಕೊಟ್ಟ ಅಧಿಕಾರದ ಮೇಲೆ ಅಧಿಸೂಚನೆ ಹೊರಡುತ್ತೆ, ರಾಜಪತ್ರದಲ್ಲಿ ಅಚ್ಚಾಗುತ್ತೆ, ಜಾರಿಯಾಗುತ್ತೆ. ಪ್ರತಿ ಸರಕಿನ ಮುಂದೆ ಒಂದು ಪದ ಇರುತ್ತೆ: ಮುಕ್ತ, ನಿರ್ಬಂಧಿತ, ಅಥವಾ ನಿಷೇಧಿತ. ಡಿಸೆಂಬರ್ 7ರವರೆಗೆ ಉಳ್ಳಾಗಡ್ಡಿ ಮುಂದೆ 'ಮುಕ್ತ' ಅಂತ ಇತ್ತು. 8ಕ್ಕೆ 'ನಿಷೇಧಿತ' ಆಯಿತು. ಅಷ್ಟೇ ಬದಲಾವಣೆ.

ಹಾಗಾದ್ರೆ ತೀರ್ಮಾನ ಮಾಡುವುದೂ ಅವರೇನಾ?

ಅಲ್ಲ. ಸಹಿ ಒಬ್ಬರದ್ದು, ತೀರ್ಮಾನ ಹಲವರದ್ದು. ಇದನ್ನು ತಿಳಿದುಕೊಳ್ಳದೆ ನಾವು ಎಷ್ಟೋ ಸಲ ತಪ್ಪು ಬಾಗಿಲು ತಟ್ಟುತ್ತೇವೆ.

ಉಳ್ಳಾಗಡ್ಡಿ ವಿಷಯದಲ್ಲಿ ಮೊದಲು ಕೂಗು ಹಾಕುವುದು ಗ್ರಾಹಕ ವ್ಯವಹಾರಗಳ ಇಲಾಖೆ. ದೇಶದ ನೂರಾರು ಊರುಗಳಿಂದ ದಿನಾ ಚಿಲ್ಲರೆ ದರ ತರಿಸಿಕೊಳ್ಳುವುದು, ನಾಫೆಡ್ ಮತ್ತು ಎನ್‌ಸಿಸಿಎಫ್ ಅನ್ನುವ ಸಹಕಾರಿ ಸಂಸ್ಥೆಗಳ ಮೂಲಕ ಉಳ್ಳಾಗಡ್ಡಿ ಖರೀದಿಸಿ ದಾಸ್ತಾನು ಇಡುವುದು, ಎರಡೂ ಅವರ ಕೆಲಸ. ದಿಲ್ಲಿಯಲ್ಲಿ ಕಿಲೋ ದರ ಏರಿತು ಅಂದ್ರೆ ಅವರ ಮೇಜಿನ ಮೇಲೆ ಒತ್ತಡ. ಕೃಷಿ ಸಚಿವಾಲಯಕ್ಕೆ ಬೆಳೆ ಎಷ್ಟು ಬರುತ್ತೆ ಅನ್ನುವ ಅಂದಾಜು ಕೊಡುವ ಕೆಲಸ. ವಾಣಿಜ್ಯ ಸಚಿವಾಲಯಕ್ಕೆ ರಫ್ತು ನಿಂತರೆ ಕೊಳ್ಳುವ ದೇಶ ಬೇರೆಯವರ ಕಡೆ ಹೋಗುತ್ತೆ ಅನ್ನುವ ಚಿಂತೆ. ಹಣಕಾಸು ಸಚಿವಾಲಯದ ಕೈಯಲ್ಲಿ ಸುಂಕ. ನೆರೆ ದೇಶಗಳು ನಮ್ಮ ಉಳ್ಳಾಗಡ್ಡಿ ನಂಬಿಕೊಂಡಿವೆಯಲ್ಲ, ಅದು ವಿದೇಶಾಂಗ ಸಚಿವಾಲಯದ ತಲೆನೋವು. ಇವರೆಲ್ಲರ ಕಾರ್ಯದರ್ಶಿಗಳು, ಮಂತ್ರಿಗಳು ಸಮಿತಿಗಳಲ್ಲಿ ಕೂತು ಎಳೆದಾಡಿ ಒಂದು ತೀರ್ಮಾನಕ್ಕೆ ಬರುತ್ತಾರೆ, ದೊಡ್ಡ ವಿಷಯವಾದರೆ ಸಚಿವ ಸಂಪುಟಕ್ಕೆ ಹೋಗುತ್ತೆ.

ನನಗೆ ಕಾಣುವುದು ಇಷ್ಟು: ಆ ಕೋಣೆಯಲ್ಲಿ ಗ್ರಾಹಕರ ಪರ ದಿನಾ ಬೆಳಿಗ್ಗೆ ತಾಜಾ ಅಂಕಿ ಹಿಡಿದು ಕೂರುವ ಇಲಾಖೆ ಇದೆ. ನಮ್ಮ ಗರಸಿನಲ್ಲಿ ಗಡ್ಡಿ ಕಿತ್ತು ಹಾಕೋಕೆ ಎಷ್ಟು ಖರ್ಚಾಯ್ತು ಅನ್ನುವ ಅಂಕಿ ಅಷ್ಟೇ ತಾಜಾ ಆಗಿ ಅಲ್ಲಿಗೆ ಮುಟ್ಟುವುದಿಲ್ಲ. ಅದನ್ನು ಮುಟ್ಟಿಸುವುದೇ ನಮ್ಮ ಕೆಲಸ.

ಸುಂಕ ಹಾಕುವುದೂ ಡಿಜಿಎಫ್‌ಟಿನಾ?

ಅಲ್ಲ, ಅದು ಹಣಕಾಸು ಸಚಿವಾಲಯ. 1962ರ ಕಸ್ಟಮ್ಸ್ ಕಾಯ್ದೆ ಮತ್ತು 1975ರ ಕಸ್ಟಮ್ಸ್ ಸುಂಕ ಕಾಯ್ದೆ ಅವರ ಕೈಯಲ್ಲಿವೆ. ಉಳ್ಳಾಗಡ್ಡಿಯ ಕತೆಯನ್ನು ತಾರೀಖಿನ ಪ್ರಕಾರ ನೋಡಿದರೆ ಎರಡು ಕಚೇರಿ ಹೇಗೆ ಸರದಿಯಲ್ಲಿ ಕೈ ಹಾಕುತ್ತವೆ ಅಂತ ತಿಳಿಯುತ್ತೆ. 2023ರ ಆಗಸ್ಟ್ 19ಕ್ಕೆ ಶೇ 40 ರಫ್ತು ಸುಂಕ, ಇದು ಹಣಕಾಸು. ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರ್‌ಗಿಂತ ಕಡಿಮೆಗೆ ಕಳಿಸುವಂತಿಲ್ಲ ಅನ್ನುವ ಕನಿಷ್ಠ ರಫ್ತು ದರ, ಇದು ಡಿಜಿಎಫ್‌ಟಿ. ಡಿಸೆಂಬರ್‌ನಲ್ಲಿ ನಿಷೇಧ, ಡಿಜಿಎಫ್‌ಟಿ. 2024ರ ಮೇ 4ಕ್ಕೆ ನಿಷೇಧ ತೆಗೆದರು, ಆದರೆ 550 ಡಾಲರ್ ಕನಿಷ್ಠ ದರ ಮತ್ತು ಶೇ 40 ಸುಂಕ ಇಟ್ಟರು. ಸೆಪ್ಟೆಂಬರ್ 13ಕ್ಕೆ ಕನಿಷ್ಠ ದರ ಹೋಯಿತು, ಸುಂಕ ಶೇ 20ಕ್ಕೆ ಇಳಿಯಿತು. 2025ರ ಏಪ್ರಿಲ್ 1ಕ್ಕೆ ಸುಂಕವೂ ಸೊನ್ನೆ. 2024ರ ಎರಡೂ ಸಡಿಲಿಕೆ ಬಂದಾಗ ಮಹಾರಾಷ್ಟ್ರದ ಉಳ್ಳಾಗಡ್ಡಿ ಸೀಮೆಯಲ್ಲಿ ಮತದಾನ ಹತ್ತಿರದಲ್ಲಿತ್ತು ಅನ್ನುವುದನ್ನೂ ಗಮನಿಸಿ.

ರಾತ್ರೋರಾತ್ರಿ ಯಾಕೆ ಹೊರಡಿಸ್ತಾರೆ? ಒಂದು ತಿಂಗಳು ಮೊದಲೇ ಹೇಳಬಾರದಾ?

ಮೊದಲೇ ಹೇಳಿದರೆ ಇದ್ದಬದ್ದ ಮಾಲೆಲ್ಲ ಬಂದರಿಗೆ ಓಡುತ್ತೆ, ಒಳಗಿನ ದರ ಇನ್ನೂ ಏರುತ್ತೆ ಅಂತ ಅವರ ವಾದ. ವಾದದಲ್ಲಿ ಅರ್ಥ ಇದೆ. ಆದರೆ ಪೆಟ್ಟು ಬೀಳುವುದು ಆ ವಾರ ಕಟಾವು ಮಾಡಿದವನಿಗೆ. ದಾರಿಯಲ್ಲಿದ್ದ ಮಾಲಿಗೆ ಸ್ವಲ್ಪ ವಿನಾಯಿತಿ ಇತ್ತು: ಅಧಿಸೂಚನೆಗೆ ಮೊದಲೇ ಹಡಗಿಗೆ ತುಂಬುವುದು ಶುರುವಾಗಿದ್ದರೆ, ಅಥವಾ ಮಾಲು ಕಸ್ಟಮ್ಸ್ ವಶಕ್ಕೆ ಹೋಗಿದ್ದರೆ ಕಳಿಸಬಹುದಿತ್ತು. ಅದು ರಫ್ತುದಾರನಿಗೆ ಆಸರೆ, ಪೇಟೆಯಲ್ಲಿ ಚೀಲ ಬಿಚ್ಚಿ ನಿಂತವನಿಗೆ ಅಲ್ಲ.

2025ರ ಜನವರಿಯಲ್ಲಿ ಒಂದು ಒಳ್ಳೆಯ ಬದಲಾವಣೆ ಬಂದಿದೆ. ನೀತಿ ಬದಲಿಸುವ ಮೊದಲು ಆಮದುದಾರರು, ರಫ್ತುದಾರರು, ತಜ್ಞರ ಅಭಿಪ್ರಾಯ ಕೇಳಬೇಕು ಅಂತ ವಿದೇಶ ವ್ಯಾಪಾರ ನೀತಿಯಲ್ಲೇ ಸೇರಿಸಿದ್ದಾರೆ. ತುರ್ತು ಇದ್ದರೆ ಕೇಳದೆಯೂ ಮಾಡುವ ಅಧಿಕಾರ ಇಟ್ಟುಕೊಂಡಿದ್ದಾರೆ, ನಿಜ. ಆದರೂ ಬಾಗಿಲು ಅರ್ಧ ತೆರೆದಿದೆ.

ರಾಜ್ಯ ಸರ್ಕಾರಕ್ಕೆ ಏನೂ ಅಧಿಕಾರ ಇಲ್ವಾ?

ಕಾನೂನಿನಲ್ಲಿ ಇಲ್ಲ. ಸಂವಿಧಾನದ ಏಳನೇ ಅನುಸೂಚಿ ತೆಗೆದು ನೋಡಿ. ಕೃಷಿ ರಾಜ್ಯ ಪಟ್ಟಿಯಲ್ಲಿದೆ, 14ನೇ ನಮೂದು. ವಿದೇಶದ ಜೊತೆ ವ್ಯಾಪಾರ ಕೇಂದ್ರ ಪಟ್ಟಿಯಲ್ಲಿದೆ, 41ನೇ ನಮೂದು. ವಿದೇಶಗಳ ಜೊತೆ ಒಪ್ಪಂದ ಮಾಡಿಕೊಳ್ಳುವುದೂ ಕೇಂದ್ರದ್ದೇ. ಅದರ ಮೇಲೆ 253ನೇ ವಿಧಿ: ಒಪ್ಪಂದ ಜಾರಿ ಮಾಡಬೇಕಾದರೆ ರಾಜ್ಯದ ವಿಷಯದಲ್ಲೂ ಸಂಸತ್ತು ಕಾನೂನು ಮಾಡಬಹುದು. ಅಂದ್ರೆ ಬೀಜ, ನೀರು, ರಸ್ತೆ, ಪೇಟೆ ಎಲ್ಲ ರಾಜ್ಯದ್ದು. ಬೆಳೆದಿದ್ದು ಗಡಿ ದಾಟಬೇಕಾದರೆ ಮಾತ್ರ ದಿಲ್ಲಿ.

ಹಾಗಂತ ರಾಜ್ಯದ ಮಾತಿಗೆ ಬೆಲೆ ಇಲ್ಲ ಅಂತಲ್ಲ. ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಚಿಕ್ಕಬಳ್ಳಾಪುರ, ಕೋಲಾರ ಕಡೆ ಬೆಳೆಯುವ ಬೆಂಗಳೂರು ರೋಸ್ ಉಳ್ಳಾಗಡ್ಡಿಯನ್ನು ಇಲ್ಲಿ ತಿನ್ನುವವರು ಕಡಿಮೆ, ಅದು ಬೆಳೆಯುವುದೇ ಹೊರಗೆ ಕಳಿಸೋಕೆ. ಶೇ 40 ಸುಂಕ ಬಿದ್ದಾಗ ಅಲ್ಲಿಯವರು ಹೇಳಿದ್ದು ಒಂದೇ ಮಾತು: ಇದನ್ನು ತಡೆದರೆ ದಿಲ್ಲಿಯ ದರ ಒಂದು ರೂಪಾಯಿಯೂ ಇಳಿಯುವುದಿಲ್ಲ. 2023ರ ಸೆಪ್ಟೆಂಬರ್ ಕೊನೆಗೆ ಆ ತಳಿಗೆ ಮಾತ್ರ ಸುಂಕ ಬಿಟ್ಟರು. ಷರತ್ತು ಏನು ಗೊತ್ತಾ? ಇದು ಬೆಂಗಳೂರು ರೋಸ್ ಅಂತ ಕರ್ನಾಟಕದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ. ವಾದ ಚಿಕ್ಕದಾಗಿತ್ತು, ಅಂಕಿಯಿಂದ ತೋರಿಸುವಂತಿತ್ತು, ಗೆದ್ದಿತು. ನಮ್ಮ ಕಡೆಯ ಕೆಂಪು ಗಡ್ಡಿಗೆ ಆ ವಾದ ನಡೆಯೋದಿಲ್ಲ, ಅದನ್ನು ದೇಶದ ತುಂಬ ತಿನ್ನುತ್ತಾರೆ. ನಮಗೆ ಬೇರೆ ವಾದ ಬೇಕು.

ಬೇರೆ ದೇಶಗಳಲ್ಲಿ ಹೇಗೆ?

ಅಮೆರಿಕದಲ್ಲಿ ವಿದೇಶ ವ್ಯಾಪಾರದ ಅಧಿಕಾರ ಸಂವಿಧಾನದ ಪ್ರಕಾರ ಅಲ್ಲಿನ ಸಂಸತ್ತಿನದು. ಮಾತುಕತೆಗೆ ಕೂರುವುದು ಅಧ್ಯಕ್ಷರ ಕಚೇರಿಗೆ ಸೇರಿದ ವ್ಯಾಪಾರ ಪ್ರತಿನಿಧಿ. 1962ರ ಕಾಯ್ದೆಯಿಂದ ಹುಟ್ಟಿದ ಹುದ್ದೆ ಅದು. ಅಲ್ಲಿ ರೈತರು, ಕಾರ್ಖಾನೆಯವರು, ಕಾರ್ಮಿಕ ಸಂಘದವರು ಇರುವ ಸಲಹಾ ಸಮಿತಿಗಳಿಗೆ ಕಾನೂನಿನ ಬಲ ಇದೆ. ಗುಟ್ಟು ಕಾಯುತ್ತೇವೆ ಅಂತ ಒಪ್ಪಿಕೊಂಡ ಸದಸ್ಯರು ಮಾತುಕತೆಯ ಕರಡನ್ನೇ ನೋಡಬಹುದು.

ಯುರೋಪಿಯನ್ ಒಕ್ಕೂಟದ 27 ದೇಶಗಳ ಪರವಾಗಿ ಮಾತಾಡುವುದು ಒಂದೇ ಸಂಸ್ಥೆ, ಬ್ರಸೆಲ್ಸ್‌ನ ಆಯೋಗ. ದೇಶಗಳ ಮಂತ್ರಿಮಂಡಳಿ ಮೊದಲು ಅದಕ್ಕೆ ಏನು ಮಾತಾಡಬೇಕು ಅನ್ನುವ ಆದೇಶ ಕೊಡುತ್ತೆ, ಕೊನೆಗೆ ಯುರೋಪಿನ ಸಂಸತ್ತು ಒಪ್ಪಬೇಕು. ಒಪ್ಪಂದ ವ್ಯಾಪಾರ ದಾಟಿ ಬೇರೆ ವಿಷಯಕ್ಕೂ ಕೈ ಹಾಕಿದರೆ ಪ್ರತಿ ದೇಶದ ಒಪ್ಪಿಗೆಯೂ ಬೇಕು. 2016ರ ಅಕ್ಟೋಬರ್‌ನಲ್ಲಿ ಕೆನಡಾ ಜೊತೆಗಿನ ಒಪ್ಪಂದ ಸಹಿಗೆ ಸಿದ್ಧವಾಗಿತ್ತು. ಬೆಲ್ಜಿಯಂ ದೇಶದ ಒಂದು ಪ್ರಾಂತ್ಯ ವಾಲೋನಿಯಾ ಬೇಡ ಅಂದಿತು, ಸಹಿ ಮುಂದಕ್ಕೆ ಹೋಯಿತು. ರೈತರ ಬಗ್ಗೆ, ವಿದೇಶಿ ಹೂಡಿಕೆದಾರರು ಸರ್ಕಾರದ ವಿರುದ್ಧ ದೂರು ಕೊಡುವ ನ್ಯಾಯಾಲಯದ ಬಗ್ಗೆ ಬರವಣಿಗೆಯಲ್ಲಿ ಭರವಸೆ ಸಿಕ್ಕ ಮೇಲೆ ಅಕ್ಟೋಬರ್ 30ಕ್ಕೆ ಸಹಿ ಆಯಿತು. ವಾಲೋನಿಯಾದ ಜನಸಂಖ್ಯೆ ಆಗ ಸುಮಾರು 36 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ವಿಜಯಪುರ, ಬಾಗಲಕೋಟೆ ಎರಡೇ ಜಿಲ್ಲೆ ಸೇರಿಸಿದರೆ 40 ಲಕ್ಷ ದಾಟುತ್ತೆ.

ಆ ಪದ್ಧತಿ ಇಲ್ಲಿಗೆ ಹಾಗೇ ಬರಲಿ ಅಂತ ನಾನು ಹೇಳುವುದಿಲ್ಲ. ಪ್ರತಿ ರಾಜ್ಯವೂ ಒಪ್ಪಂದ ತಡೆದರೆ ಯಾವ ದೇಶವೂ ನಮ್ಮ ಜೊತೆ ಕೂರುವುದಿಲ್ಲ. ಆದರೆ ರಾಜ್ಯಗಳನ್ನು ಮೊದಲೇ ಕೇಳುವುದಕ್ಕೆ ಏನು ಅಡ್ಡಿ? ಕೆನಡಾ ಅದೇ ಒಪ್ಪಂದದ ಮಾತುಕತೆಗೆ ತನ್ನ ಪ್ರಾಂತ್ಯಗಳ ಪ್ರತಿನಿಧಿಗಳನ್ನು ಜೊತೆಗೇ ಕರೆದುಕೊಂಡು ಹೋಗಿತ್ತು.

ಒಪ್ಪಂದದ ಮಾತುಕತೆ ಅಂದ್ರೆ ಅಲ್ಲಿ ನಿಜವಾಗಿ ಏನು ನಡೆಯುತ್ತೆ?

ಟಿವಿಯಲ್ಲಿ ಕಾಣುವುದು ಇಬ್ಬರು ಮಂತ್ರಿಗಳ ಕೈಕುಲುಕು. ಕೆಲಸ ನಡೆಯುವುದು ಅದಕ್ಕಿಂತ ತುಂಬ ಮೊದಲು, ತುಂಬ ಸಣ್ಣ ಅಕ್ಷರಗಳಲ್ಲಿ.

ಮೊದಲು ಎರಡೂ ಕಡೆ ಅಧ್ಯಯನ ಮಾಡಿ ಯಾವ ವಿಷಯ ಮಾತಾಡಬೇಕು ಅಂತ ಪಟ್ಟಿ ಮಾಡುತ್ತಾರೆ. ನಮ್ಮ ಕಡೆಯಿಂದ ವಾಣಿಜ್ಯ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಮುಖ್ಯ ಮಾತುಕತೆಗಾರರು. ಅವರ ಕೆಳಗೆ ಸರಕು, ಸೇವೆ, ಮೂಲದ ನಿಯಮ, ಆಹಾರ ಸುರಕ್ಷತೆ, ಬೌದ್ಧಿಕ ಆಸ್ತಿ ಅಂತ ಬೇರೆ ಬೇರೆ ತಂಡ. ಒಂದೊಂದು ತಂಡದಲ್ಲಿ ಆಯಾ ಇಲಾಖೆಯವರು.

ಸರಕಿನ ತಂಡದ ಮುಂದೆ ಇರುವುದು ಒಂದು ದೊಡ್ಡ ಪಟ್ಟಿ. ಜಗತ್ತಿನ ಪ್ರತಿ ಸರಕಿಗೂ ಒಂದು ಸಂಖ್ಯೆ ಇದೆ, ಎಚ್‌ಎಸ್ ಕೋಡ್ ಅಂತಾರೆ. ಮೊದಲ ಆರು ಅಂಕಿ ಎಲ್ಲ ದೇಶಕ್ಕೂ ಒಂದೇ, ಮುಂದಿನದನ್ನು ಆಯಾ ದೇಶ ಸೇರಿಸಿಕೊಳ್ಳುತ್ತೆ, ನಮ್ಮಲ್ಲಿ ಒಟ್ಟು ಎಂಟು. ಹಸಿ ಉಳ್ಳಾಗಡ್ಡಿ 070310. ಹಸಿ ದ್ರಾಕ್ಷಿ 080610, ಒಣದ್ರಾಕ್ಷಿ 080620. ಒಂದೇ ಬಳ್ಳಿಯ ಹಣ್ಣು, ತಿಕೋಟಾ ಕಡೆ ಶೆಡ್ಡಿನಲ್ಲಿ ಒಣಗಿಸಿದ ತಕ್ಷಣ ಬೇರೆ ಸಾಲು, ಬೇರೆ ಸುಂಕ, ಬೇರೆ ಚೌಕಾಸಿ. ಇಂಥ ಸಾವಿರಾರು ಸಾಲುಗಳನ್ನು ಒಂದೊಂದಾಗಿ ನೋಡುತ್ತಾರೆ. ಇದಕ್ಕೆ ಇವತ್ತೇ ಸುಂಕ ತೆಗೆಯೋಣ, ಇದಕ್ಕೆ ಐದು ವರ್ಷದಲ್ಲಿ, ಇದಕ್ಕೆ ಹತ್ತು ವರ್ಷದಲ್ಲಿ, ಇಷ್ಟು ಟನ್‌ವರೆಗೆ ಕಡಿಮೆ ಸುಂಕ ಆಮೇಲೆ ಪೂರ್ತಿ ಸುಂಕ, ಇದನ್ನು ಮುಟ್ಟುವುದೇ ಬೇಡ. ಮುಟ್ಟದ ಸರಕುಗಳನ್ನು ಸೂಕ್ಷ್ಮ ಪಟ್ಟಿ ಅಂತ ಕರೆಯುತ್ತಾರೆ. ನಮ್ಮ ಬೆಳೆ ಉಳಿಯುತ್ತೋ ಇಲ್ಲವೋ ಅನ್ನುವುದು ಆ ಪಟ್ಟಿಯಲ್ಲಿ ಒಂದು ಸಾಲಾಗಿ ಕೂತಿರುತ್ತೆ.

ಆಮೇಲೆ ಪಠ್ಯ. ಒಪ್ಪಿಗೆ ಆಗದ ಮಾತುಗಳನ್ನು ಆವರಣದೊಳಗೆ ಹಾಕಿಟ್ಟುಕೊಂಡು, ಸುತ್ತಿನ ಮೇಲೆ ಸುತ್ತು ಕೂತು, ಒಂದೊಂದೇ ಆವರಣ ತೆಗೆಯುತ್ತಾ ಹೋಗುತ್ತಾರೆ. ಕೊನೆಗೆ ಬಿಡಿಸಲಾಗದ ನಾಲ್ಕೈದು ಗಂಟು ಮಂತ್ರಿಗಳ ಮುಂದೆ ಹೋಗುತ್ತೆ. ಅಲ್ಲಿ ಕಾರಿಗೂ ಹಣ್ಣಿಗೂ, ವೀಸಾಕ್ಕೂ ಹಾಲಿಗೂ ಅದಲುಬದಲು ನಡೆಯುತ್ತೆ. ಆ ಹೊತ್ತಿಗೆ ಎಚ್ಚರಗೊಂಡರೆ ತಡ.

ಇದಕ್ಕೆಲ್ಲ ಎಷ್ಟು ದಿನ ಬೇಕು?

ಯುಎಇ ಜೊತೆ 88 ದಿನ ಸಾಕಾಯಿತು, 2022ರ ಫೆಬ್ರವರಿ 18ಕ್ಕೆ ಸಹಿ. ಯುರೋಪಿಯನ್ ಒಕ್ಕೂಟದ ಜೊತೆ 2007ರಲ್ಲಿ ಶುರುವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಶುರುವಾಗಿ, ಮಾತುಕತೆ ಮುಗಿಯಿತು ಅನ್ನುವ ಘೋಷಣೆ ಬಂದಿದ್ದು 2026ರ ಜನವರಿ 27ಕ್ಕೆ. ಬ್ರಿಟನ್ ಜೊತೆ 2022ರ ಜನವರಿಯಿಂದ 2025ರ ಜುಲೈ 24ರ ಸಹಿಯವರೆಗೆ ಮೂರೂವರೆ ವರ್ಷ. ಕೆಲವು ಮುಗಿಯುವುದೇ ಇಲ್ಲ. ಚೀನಾ, ಜಪಾನ್, ಆಸ್ಟ್ರೇಲಿಯಾ ಎಲ್ಲ ಇರುವ ಆರ್‌ಸಿಇಪಿ ಅನ್ನುವ ದೊಡ್ಡ ಒಪ್ಪಂದದ ಮಾತುಕತೆಯಲ್ಲಿ ವರ್ಷಗಟ್ಟಲೆ ಕೂತು, 2019ರ ನವೆಂಬರ್ 4ಕ್ಕೆ ಬ್ಯಾಂಕಾಕ್‌ನಲ್ಲಿ ಭಾರತ ಎದ್ದು ಬಂತು. ಹಾಲು ಉತ್ಪಾದಕರ ವಿರೋಧ ಅದಕ್ಕೆ ಒಂದು ದೊಡ್ಡ ಕಾರಣ. ಸಂಘ ಇದ್ದವರ ದನಿ ಕೇಳಿಸುತ್ತೆ ಅನ್ನುವುದಕ್ಕೆ ನಾನು ಇದನ್ನೇ ಹೇಳುತ್ತಿರುತ್ತೇನೆ.

ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆ ಬೇಕಾ?

ನಮ್ಮಲ್ಲಿ ಬೇಡ. ಸಂಪುಟ ಒಪ್ಪಿದರೆ ಸಹಿ, ಕಸ್ಟಮ್ಸ್ ಅಧಿಸೂಚನೆ ಬಂದರೆ ಜಾರಿ. ಯಾವುದಾದರೂ ಕಾನೂನೇ ಬದಲಾಗಬೇಕಿದ್ದರೆ ಮಾತ್ರ ಸಂಸತ್ತಿಗೆ ಬರುತ್ತೆ. ಕನಿಷ್ಠ ಚರ್ಚೆಯಾದರೂ ಆಗಬೇಕು ಅಂತ ನನ್ನ ಅಭಿಪ್ರಾಯ.

ಅಫ್ಘಾನಿಸ್ತಾನದ ಮಣೂಕ ಬಂದು ನಮ್ಮ ದರ ಹಾಳಾಯ್ತು ಅಂತಾರೆ. ಅದನ್ನು ತಡೆಯೋಕೆ ಯಾಕೆ ಆಗ್ತಿಲ್ಲ?

ವಿಜಯಪುರದ ಒಣದ್ರಾಕ್ಷಿ ಬೆಳೆಗಾರರು ಅತಿ ಜಾಸ್ತಿ ಕೇಳುವ ಪ್ರಶ್ನೆ ಇದು. ಅಫ್ಘಾನಿಸ್ತಾನ 2007ರಿಂದ ದಕ್ಷಿಣ ಏಷ್ಯಾ ದೇಶಗಳ ಕೂಟವಾದ ಸಾರ್ಕ್‌ನ ಸದಸ್ಯ ದೇಶ. ಸಾರ್ಕ್ ದೇಶಗಳ ನಡುವೆ ಸಾಫ್ಟಾ ಅನ್ನುವ ಒಪ್ಪಂದ ಇದೆ. ಅದರಲ್ಲಿ ತೀರ ಹಿಂದುಳಿದ ದೇಶಗಳಿಗೆ ಭಾರತ 2011ರಲ್ಲಿ ತನ್ನ ಸೂಕ್ಷ್ಮ ಪಟ್ಟಿಯನ್ನು 480 ಸಾಲಿನಿಂದ 25ಕ್ಕೆ ಇಳಿಸಿತು. ಉಳಿದಿದ್ದು ಮುಖ್ಯವಾಗಿ ಹೆಂಡ, ತಂಬಾಕು. ಹಾಗಾಗಿ ಅಫ್ಘಾನ್ ಮಣೂಕಕ್ಕೆ ಸುಂಕ ಇಲ್ಲ. ನೆರೆಹೊರೆಯ ಸಂಬಂಧ ನೋಡಿ ಮಾಡಿದ ತೀರ್ಮಾನ. ಆ ದಿನ ಒಣದ್ರಾಕ್ಷಿಯ ಸಾಲಿನ ಬಗ್ಗೆ ನಮ್ಮ ಕಡೆಯಿಂದ ಯಾರಾದರೂ ಮಾತಾಡಿದ್ದರಾ ಅನ್ನುವುದು ಇವತ್ತಿಗೂ ನನ್ನನ್ನು ಕಾಡುತ್ತೆ.

ಇಲ್ಲಿ ಎರಡು ವಿಷಯ ಬೇರೆ ಮಾಡಿಕೊಳ್ಳಬೇಕು. ನಿಜವಾಗಿ ಅಫ್ಘಾನಿಸ್ತಾನದಲ್ಲೇ ಬೆಳೆದದ್ದು ಬಂದರೆ ಅದು ಒಪ್ಪಂದದ ಪ್ರಕಾರ ಸರಿ. ಬೇರೆ ದೇಶದ ಮಾಲು ಅಫ್ಘಾನ್ ಚೀಟಿ ಹಚ್ಚಿಕೊಂಡು ಬಂದರೆ ಅದು ಮೋಸ. ಕೃಷಿ ಮಾಲಿಗೆ ರಿಯಾಯಿತಿ ಸಿಗಬೇಕಾದರೆ ಅದು ಆ ನೆಲದಲ್ಲೇ ಬೆಳೆದಿರಬೇಕು ಅನ್ನುವುದು ಮೂಲದ ನಿಯಮ. 2020ರ ಸೆಪ್ಟೆಂಬರ್ 21ರಿಂದ ಕಸ್ಟಮ್ಸ್‌ನ ಹೊಸ ನಿಯಮ ಜಾರಿಯಲ್ಲಿದೆ, ಕಾರೋಟಾರ್ ಅಂತಾರೆ. ಬರೀ ಪ್ರಮಾಣಪತ್ರ ತೋರಿಸಿದರೆ ಸಾಲದು, ಮಾಲು ಎಲ್ಲಿಯದು ಅನ್ನುವ ದಾಖಲೆ ಆಮದುದಾರನ ಹತ್ತಿರ ಇರಬೇಕು, ಅನುಮಾನ ಬಂದರೆ ಅಧಿಕಾರಿ ರಿಯಾಯಿತಿ ತಡೆಯಬಹುದು. ಆದ್ದರಿಂದ 'ಆಮದು ನಿಲ್ಲಿಸಿ' ಅನ್ನುವ ಅರ್ಜಿಗಿಂತ, ಯಾವ ಬಂದರು, ಯಾವ ತಿಂಗಳು, ಯಾವ ದರಕ್ಕೆ ಬಂತು, ಯಾಕೆ ಅನುಮಾನ ಅಂತ ಬರೆದ ಅರ್ಜಿಗೆ ಬಲ ಜಾಸ್ತಿ.

ಸುಂಕ ಸೊನ್ನೆಯಾದರೆ ನಮ್ಮ ದ್ರಾಕ್ಷಿ ಸುಮ್ನೆ ಹೋಗಿಬಿಡುತ್ತಾ?

ಇಲ್ಲ. ಸುಂಕಕ್ಕಿಂತ ಔಷಧಿ ಉಳಿಕೆ ದೊಡ್ಡ ಗೋಡೆ. 2010ರಲ್ಲಿ ನಮ್ಮ ದೇಶದ ದ್ರಾಕ್ಷಿ ಯುರೋಪಿನಲ್ಲಿ ಸಿಕ್ಕಿಬಿದ್ದಿದ್ದು ಕ್ಲೋರ್ಮೆಕ್ವಾಟ್ ಉಳಿಕೆಯಿಂದ. ನಮ್ಮ ತೋಟಗಳಲ್ಲಿ ಸಿಸಿಸಿ, ಲಿಹೋಸಿನ್ ಅಂತ ಕರೆಯುವುದು ಅದನ್ನೇ. ಬಳ್ಳಿ ವಿಪರೀತ ಚಿಗುರಬಾರದು ಅಂತ ಎಲ್ಲರೂ ಹೊಡೆಯುತ್ತಿದ್ದ ಔಷಧಿ. ಉಳಿಕೆ ಅಲ್ಲಿನ ಮಿತಿ ದಾಟಿತ್ತು, ಕಂಟೇನರ್‌ಗಳು ಅಲ್ಲೇ ನಿಂತವು. ಈಗ ಯುರೋಪಿಗೆ ಹೋಗುವ ತೋಟ ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಅಪೇಡಾದ ಗ್ರೇಪ್‌ನೆಟ್ ಜಾಲತಾಣದಲ್ಲಿ ನೋಂದಣಿಯಾಗಬೇಕು, ಮಾದರಿ ಪ್ರಯೋಗಾಲಯದಲ್ಲಿ ಪಾಸಾಗಬೇಕು. ಒಪ್ಪಂದದಲ್ಲಿ ಆಹಾರ ಸುರಕ್ಷತೆಯ ಅಧ್ಯಾಯಕ್ಕೂ ಸುಂಕದ ಪಟ್ಟಿಯಷ್ಟೇ ಗಮನ ಕೊಡಿ.

ತೊಗರಿ ಯಾವ ಒಪ್ಪಂದದಲ್ಲಿ ಬರುತ್ತೆ?

ದೊಡ್ಡ ಒಪ್ಪಂದ ಯಾವುದೂ ಅಲ್ಲ. 2016ರಲ್ಲಿ ಮೊಜಾಂಬಿಕ್ ಜೊತೆ ಸರ್ಕಾರದಿಂದ ಸರ್ಕಾರಕ್ಕೆ ಒಂದು ತಿಳಿವಳಿಕೆ ಪತ್ರ ಆಯಿತು. ಆ ವರ್ಷ ಇಲ್ಲಿ ಬೇಳೆ ದರ ಗಗನದಲ್ಲಿತ್ತು. 2021ರಲ್ಲಿ ಮಲಾವಿ, ಮ್ಯಾನ್ಮಾರ್ ಕೂಡ ಸೇರಿದವು. ನಡುವೆ 2017ರ ಆಗಸ್ಟ್‌ನಲ್ಲಿ ದರ ಕುಸಿದಾಗ ಆಮದಿಗೆ ಮಿತಿ ಹಾಕಿದರು, 2021ರ ಮೇನಲ್ಲಿ ಮತ್ತೆ ಬಿಟ್ಟರು. ಬಿತ್ತುವಾಗ ಒಂದು ನೀತಿ, ರಾಶಿ ಮಾಡುವಾಗ ಇನ್ನೊಂದು ನೀತಿ ಇದ್ದರೆ ರೈತ ಏನು ಲೆಕ್ಕ ಹಾಕಬೇಕು? ಬಿತ್ತನೆಗೆ ಮೊದಲೇ ಆ ವರ್ಷದ ಆಮದು ನೀತಿ ಹೇಳಿ ಅನ್ನುವುದು ನಮ್ಮ ಕಂಪನಿಯ ಬೇಡಿಕೆ, ನನ್ನ ಬೇಡಿಕೆಯೂ ಅದೇ.

ಕಬ್ಬಿನ ದರಕ್ಕೂ ಜಿನೀವಾಕ್ಕೂ ಏನು ಸಂಬಂಧ?

ಬೆಳಗಾವಿ, ಬಾಗಲಕೋಟೆಯವರು ಇದನ್ನು ನಿಧಾನಕ್ಕೆ ಓದಿ. 2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಮೂರೂ ದೇಶಗಳು ಭಾರತದ ಸಕ್ಕರೆ ವಿರುದ್ಧ ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಘಟನೆ, ಅಂದ್ರೆ ಡಬ್ಲ್ಯೂಟಿಒದಲ್ಲಿ ದೂರು ಕೊಟ್ಟವು. ನಮ್ಮ ಕೇಂದ್ರ ಸರ್ಕಾರ ಕಬ್ಬಿಗೆ ಎಫ್‌ಆರ್‌ಪಿ, ಅಂದ್ರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ, ನಿಗದಿ ಮಾಡುತ್ತೆ. ಆ ಹಣ ಕೊಡುವುದು ಕಾರ್ಖಾನೆ, ಸರ್ಕಾರ ಅಲ್ಲ. ಅದು ಸಬ್ಸಿಡಿ ಹೇಗಾಗುತ್ತೆ ಅಂತ ಭಾರತ ವಾದಿಸಿತು. 2021ರ ಡಿಸೆಂಬರ್ 14ರ ತೀರ್ಪು ಅದನ್ನು ಒಪ್ಪಲಿಲ್ಲ. ದರವನ್ನು ಸರ್ಕಾರ ಕಡ್ಡಾಯ ಮಾಡಿದರೆ ಸಾಕು, ಹಣ ಯಾರ ಜೇಬಿನಿಂದ ಹೋದರೂ ಅದು ಬೆಂಬಲವೇ, ಕಬ್ಬಿನ ಒಟ್ಟು ಮೌಲ್ಯದ ಶೇ 10ರ ಮಿತಿಯನ್ನು 2014-15ರಿಂದ 2018-19ರವರೆಗೆ ಐದೂ ಹಂಗಾಮಿನಲ್ಲಿ ದಾಟಿದ್ದೀರಿ ಅಂದಿತು.

ಭಾರತ ಅದೇ ಡಿಸೆಂಬರ್‌ನಲ್ಲಿ ಮೇಲ್ಮನವಿ ಹಾಕಿತು. ಆದರೆ ಮೇಲ್ಮನವಿ ಕೇಳುವ ಪೀಠದಲ್ಲಿ ಸದಸ್ಯರ ನೇಮಕವನ್ನು ಅಮೆರಿಕ ತಡೆದಿದ್ದರಿಂದ 2019ರ ಡಿಸೆಂಬರ್‌ನಿಂದ ಪೀಠವೇ ಕೆಲಸ ಮಾಡುತ್ತಿಲ್ಲ. ಹಾಗಾಗಿ ತೀರ್ಪು ಜಾರಿಗೆ ಬಾರದೆ ಅಲ್ಲೇ ನಿಂತಿದೆ.

ಇತ್ತ ಸಕ್ಕರೆ ರಫ್ತು 2022ರ ಜೂನ್ 1ರಿಂದ 'ನಿರ್ಬಂಧಿತ'. ವರ್ಷ ವರ್ಷ ಕೇಂದ್ರ ಎಷ್ಟು ಬಿಡುತ್ತೋ ಅಷ್ಟು. 2024-25ರಲ್ಲಿ 10 ಲಕ್ಷ ಟನ್ ಬಿಟ್ಟರು. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಕೂತರು, 3,300ಕ್ಕೆ ಮಾತು ಮುಗಿಯಿತು. ಆಗ ರಾಜ್ಯ ಸರ್ಕಾರ ಕೇಂದ್ರಕ್ಕೆ ಕೇಳಿದ್ದರಲ್ಲಿ ರಫ್ತು ಮಿತಿಯ ವಿಷಯವೂ ಇತ್ತು, ಸಕ್ಕರೆಯ ಕನಿಷ್ಠ ಮಾರಾಟ ದರವೂ ಇತ್ತು. ಆ ದರ 2019ರಲ್ಲಿ ಕಿಲೋಗೆ 31 ರೂಪಾಯಿ ಮಾಡಿದ್ದು. ರಸ್ತೆಯಲ್ಲಿ ಕೂತವರ ಬೇಡಿಕೆಯ ಅರ್ಧ ಉತ್ತರ ದಿಲ್ಲಿಯ ವ್ಯಾಪಾರ ನೀತಿಯಲ್ಲಿತ್ತು.

ಕೊಲ್ಹಾಪುರಿ ಚಪ್ಪಲಿ ಜಿಐ ನಮಗೂ ಇದೆಯಾ?

ಇದೆ. ಜಿಐ ಅಂದ್ರೆ ಒಂದು ಸೀಮೆಯ ಹೆಸರಿಗೆ ಅಂಟಿದ ಮಾಲಿಗೆ ಸಿಗುವ ಕಾನೂನಿನ ಗುರುತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಕೂಡ ಅದರಲ್ಲಿವೆ. ಅಥಣಿ ಕಡೆಯ ಕುಶಲಕರ್ಮಿಗಳ ಹಕ್ಕು ಅದು. ಆದರೆ ನಮ್ಮ ಜಿಐ ನಮ್ಮ ದೇಶದೊಳಗೆ ಮಾತ್ರ ಕಾನೂನು. ಹೊರಗೆ ರಕ್ಷಣೆ ಬೇಕಾದರೆ ಆಯಾ ದೇಶದಲ್ಲಿ ನೋಂದಣಿ ಮಾಡಬೇಕು, ಇಲ್ಲವೇ ಒಪ್ಪಂದದಲ್ಲಿ ಹೆಸರು ಸೇರಿಸಿಕೊಳ್ಳಬೇಕು. 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿಯ ಚಪ್ಪಲಿ ತೋರಿಸಿದಾಗ ಈ ವಿಷಯ ಎಲ್ಲರಿಗೂ ಮುಟ್ಟಿತು.

ಸರಿ, ನಮ್ಮ ಮಾತು ಎಲ್ಲಿ ಹೇಳಬೇಕು?

ಎಲ್ಲದಕ್ಕೂ ಒಂದೇ ಜಾಗ ಇಲ್ಲ, ವಿಷಯ ನೋಡಿ ಹೋಗಬೇಕು. ರಫ್ತು ಬಂದ್ ಅಥವಾ ಮಿತಿ ಆದರೆ ವಾಣಿಜ್ಯ ಇಲಾಖೆ ಮತ್ತು ಡಿಜಿಎಫ್‌ಟಿ, ಅರ್ಜಿಯ ಒಂದು ಪ್ರತಿ ಗ್ರಾಹಕ ವ್ಯವಹಾರಗಳ ಇಲಾಖೆಗೂ. ಸುಂಕ ಆದರೆ ಹಣಕಾಸು, ಅದೂ ಬಜೆಟ್‌ಗೆ ಮುಂಚೆ. ಬಜೆಟ್ ಫೆಬ್ರವರಿಯಲ್ಲಿ ಬರುತ್ತೆ, ನೀವು ಅಕ್ಟೋಬರ್, ನವೆಂಬರ್‌ನಲ್ಲೇ ಬರೆಯಬೇಕು. ಉಳಿಕೆ, ಪ್ರಯೋಗಾಲಯ, ಪ್ಯಾಕ್‌ಹೌಸ್ ವಿಷಯಕ್ಕೆ ಅಪೇಡಾ, ಅದರ ಕಚೇರಿ ಬೆಂಗಳೂರಿನಲ್ಲಿದೆ.

ಹೊರಗಿನವರು ತಮ್ಮಲ್ಲಿನ ದರಕ್ಕಿಂತ ಕಡಿಮೆಗೆ ಇಲ್ಲಿ ಸುರಿಯುತ್ತಿದ್ದಾರೆ ಅಂತಾದರೆ ಡಿಜಿಟಿಆರ್ ಅನ್ನುವ ಬೇರೆ ಕಚೇರಿ ಇದೆ, ಅಲ್ಲಿ ಕೋರ್ಟಿನ ಹಾಗೆ ವಿಚಾರಣೆ. ದೇಶದ ಒಟ್ಟು ಉತ್ಪಾದನೆಯ ಕನಿಷ್ಠ ಶೇ 25 ಬೆಳೆಯುವವರ ಬೆಂಬಲ ಅರ್ಜಿಗೆ ಬೇಕು. ಕಾರ್ಖಾನೆಗಳಿಗೆ ಇದು ಸುಲಭ, ಎರಡು ಮೂರು ಕಂಪನಿ ಸೇರಿದರೆ ಆಯಿತು. ಎರಡೆರಡು ಎಕರೆ ದ್ರಾಕ್ಷಿಯವರು ಅಷ್ಟು ಜನ ಸೇರಿ ಲೆಕ್ಕ ಕೊಡುವುದು ಬಹಳ ಕಷ್ಟ. ಈ ನಿಯಮ ಸಣ್ಣ ರೈತರಿಗೆ ಅನ್ಯಾಯ ಮಾಡುತ್ತೆ, ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಹತ್ತಿರದ ಬಾಗಿಲು ಮರೆಯಬೇಡಿ. ಪ್ರತಿ ಜಿಲ್ಲೆಯಲ್ಲೂ ರಫ್ತು ಉತ್ತೇಜನ ಸಮಿತಿ ಇದೆ, ಜಿಲ್ಲಾಧಿಕಾರಿ ಅಧ್ಯಕ್ಷರು. ಅಲ್ಲಿ ದಾಖಲಾದ ಮಾತು ರಾಜ್ಯಕ್ಕೆ ಹೋಗುತ್ತೆ, ಕೇಂದ್ರದ ವ್ಯಾಪಾರ ಮಂಡಳಿಯಲ್ಲಿ ರಾಜ್ಯಗಳಿಗೂ ಜಾಗ ಇದೆ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಬೆಂಬಲ ಬೆಲೆಯ ವರದಿಯಲ್ಲೇ ಆಮದು ರಫ್ತಿನ ಬಗ್ಗೆಯೂ ಶಿಫಾರಸು ಮಾಡುತ್ತೆ, ಅವರಿಗೆ ಖರ್ಚಿನ ಲೆಕ್ಕ ಬೇಕೇ ಬೇಕು. ಸಂಸತ್ತಿನ ವಾಣಿಜ್ಯ ಸ್ಥಾಯಿ ಸಮಿತಿ ಆಗಾಗ ಸಾರ್ವಜನಿಕರ ಅಭಿಪ್ರಾಯ ಕೇಳಿ ಜಾಹೀರಾತು ಕೊಡುತ್ತೆ. ನಿಮ್ಮ ಎಂಪಿಯವರಿಂದ ಲೋಕಸಭೆಯಲ್ಲಿ ಒಂದು ಲಿಖಿತ ಪ್ರಶ್ನೆ ಕೇಳಿಸಿ, ಸರ್ಕಾರ ಅಂಕಿ ಸಮೇತ ಉತ್ತರ ಕೊಡಲೇಬೇಕಾಗುತ್ತೆ. ಆ ಉತ್ತರವೇ ನಿಮ್ಮ ಮುಂದಿನ ಅರ್ಜಿಗೆ ಆಧಾರ.

ಅರ್ಜಿ ಹೇಗೆ ಬರೆಯಬೇಕು?

ನಮ್ಮ ಮೊದಲ ಅರ್ಜಿ ನಾಲ್ಕು ಪುಟ ಇತ್ತು. ರೈತ ದೇಶದ ಬೆನ್ನೆಲುಬು ಅಂತ ಶುರುವಾಗಿ ನಿಷೇಧ ತೆಗೆಯಿರಿ ಅಂತ ಮುಗಿದಿತ್ತು. ಉತ್ತರ ಬರಲಿಲ್ಲ. ಎರಡನೆಯದು ಒಂದೇ ಪುಟ. ಮೇಲೆ ಎಚ್‌ಎಸ್ ಕೋಡ್ ಮತ್ತು ಅಧಿಸೂಚನೆಯ ತಾರೀಖು. ಕೆಳಗೆ ನಮ್ಮ ಸದಸ್ಯರ ಎಕರೆ ಖರ್ಚು: ಬೀಜ, ಗೊಬ್ಬರ, ಕಳೆ, ಕೀಳುವ ಕೂಲಿ, ಖಾಲಿ ಚೀಲ, ಗಾಡಿ ಬಾಡಿಗೆ, ಹಮಾಲಿ. ಅದರ ಪಕ್ಕ ನಿಷೇಧಕ್ಕೆ ಹಿಂದಿನ ವಾರದ ಮತ್ತು ಮುಂದಿನ ವಾರದ ಲಿಲಾವು ಚೀಟಿಗಳ ದರ, ಚೀಟಿಯ ನಕಲು ಸಮೇತ. ಕೊನೆಗೆ ಬೇಡಿಕೆ ಒಂದೇ: ಪೂರ್ತಿ ನಿಷೇಧದ ಬದಲು ಟನ್ ಲೆಕ್ಕದಲ್ಲಿ ಮಿತಿ ಹಾಕಿ, ಅದನ್ನೂ ಕಟಾವಿಗೆ ಮೊದಲೇ ಹೇಳಿ. ಕನ್ನಡದಲ್ಲಿ ಬರೆದು ಜೊತೆಗೆ ಇಂಗ್ಲಿಷ್ ಪ್ರತಿ ಇಟ್ಟೆವು.

ಕಾಕಾ ತಮ್ಮ ಚೀಟಿಗಳನ್ನು ಬೀಡಿ ಕಟ್ಟಿನ ರಬ್ಬರ್ ಹಾಕಿ ಗೋಡೆಯ ಮೊಳೆಗೆ ಸಿಕ್ಕಿಸಿಟ್ಟಿದ್ದರು, ಹತ್ತು ವರ್ಷದ್ದು. ಮಸಿ ಮಾಸಿತ್ತು, ಆದರೂ ದರ ಓದೋಕೆ ಬರುತ್ತಿತ್ತು. ಅಷ್ಟು ಒಳ್ಳೆಯ ದಾಖಲೆ ನಮ್ಮ ಕಂಪನಿಯ ಕಂಪ್ಯೂಟರ್‌ನಲ್ಲೂ ಇರಲಿಲ್ಲ. ನಿಮ್ಮ ಮನೆಯಲ್ಲೂ ಇರುತ್ತೆ, ಎಸೆಯಬೇಡಿ.

ಎರಡನೇ ಅರ್ಜಿಗೆ ಉತ್ತರ ಬಂತಾ?

ಬಂತು. ಎರಡು ಸಾಲು: ನಿಮ್ಮ ಮನವಿಯನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳಿಸಲಾಗಿದೆ, ಇನ್ನೂ ಎರಡು ಜಿಲ್ಲೆಯ ಖರ್ಚಿನ ಲೆಕ್ಕ ಇದ್ದರೆ ಕಳಿಸಿ. ಬಾಗಲಕೋಟೆಯ ಲೆಕ್ಕ ಸಿಕ್ಕಿದೆ. ಗದಗದವರನ್ನು ಕೇಳಿದ್ದೇವೆ.